ಎಡಗೈ ಭಟ್ಟಿ

ಪೀಕನ್ ಬೆಂಡ್, ಟೆಕ್ಸಸ್
ಜನವರಿ 18

ವರ್ನೆಲಕ್ಕಾ,

ಕೈಯೆಲ್ಲ ಗ್ರೀಸು. ಪೆನ್ನು ಹಿಡಿದರೆ ಕಾಗದ ಕರ್ರಗಾಗುತ್ತೆ, ಅದಕ್ಕೇ ಫೋನಿಗೆ ಹೇಳುತ್ತಿದ್ದೇನೆ. ನಿನ್ನ ಮಗಳು ಶಾಂಡ್ರಾ ತನ್ನ ಫೋನನ್ನು ಊಟದ ಮೇಜಿನ ಮೇಲಿಟ್ಟು ನಿನಗೆ ಕೇಳಿಸುತ್ತಾಳೆ. ಎರಡೂ ಕಿವಿ ಮುಚ್ಚಿಕೊಳ್ಳುತ್ತೇನೆ ಅನ್ನಬೇಡ. ಬಲಗೈ ಎದೆಗಿಂತ ಮೇಲೆ ಏಳುವುದಿಲ್ಲ ಅಂತ ನೀನೇ ಹೇಳಿದ್ದೀಯ. ಒಂದು ಕಿವಿಯಾದರೂ ನನಗೆ ಸಿಕ್ಕೇ ಸಿಗುತ್ತೆ.

ಟ್ಯಾಂಕ್ ಸಿಕ್ಕಿತು ಅಕ್ಕಾ! ಮುಚ್ಚಿಹೋದ ಹತ್ತಿ ಜಿನ್ನಿಂಗ್ ಮಿಲ್ಲಿನ ಹಿಂದೆ, ಮುಳ್ಳುಕಂಟಿಯೊಳಗೆ ಮಲಗಿತ್ತು. ಹಳೇ ಗ್ಯಾಸ್ ಟ್ಯಾಂಕು, ಎರಡೂ ಕಡೆ ಗುಂಡಗೆ, ಮೇಲೆ ತುಕ್ಕು, ಒಳಗೆ ಗಟ್ಟಿ. ಸುತ್ತಿಗೆಯಲ್ಲಿ ಒಂದು ಬಾರಿಸಿದೆ. ಭಾನುವಾರದ ಚರ್ಚಿನ ಗಂಟೆಯ ಹಾಗೆ ಮೊಳಗಿತು. ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಎಳೆದು ಮನೆಗೆ ತಂದೆ. ಹೆಂಡತಿ ಲಿನೆಟ್ ಬಾಗಿಲಲ್ಲಿ ನಿಂತು ನೋಡಿದಳು.

"ಏನ್ರೀ ಅದು, ಜಲಾಂತರ್ಗಾಮೀನಾ?"

"ಭಟ್ಟಿ ಕಣೆ. ಹೊಗೆಯಲ್ಲಿ ಮಾಂಸ ಬೇಯಿಸೋ ಭಟ್ಟಿ."

"ನನ್ನ ಗುಲಾಬಿ ಗಿಡದ ಮೇಲೆ ಕೂತಿದೆ ನಿಮ್ಮ ಭಟ್ಟಿ."

ವಾಲ್ವ್ ಬಿಚ್ಚಿ, ಸೋಪಿನ ನೀರು ತುಂಬಿ ಬಿಟ್ಟಿದ್ದೇನೆ. ಗ್ಯಾಸಿನ ಆ ಕೊಳೆತ ಮೊಟ್ಟೆಯ ವಾಸನೆ ಹೋಗುವವರೆಗೂ ಕಿಡಿ ಹತ್ತಿರ ತರುವುದಿಲ್ಲ, ಹೆದರಬೇಡ. ಇಪ್ಪತ್ತೆಂಟು ವರ್ಷದಿಂದ ವೆಲ್ಡಿಂಗ್ ಮಾಡುತ್ತಿದ್ದೇನೆ, ಹುಬ್ಬು ಇನ್ನೂ ಎರಡಿವೆ.

ಈಗ ನಿಜವಾದ ಮಾತು. ಚರ್ಚಿನ ಹಿತ್ತಲಿನ ಇಟ್ಟಿಗೆ ಭಟ್ಟಿಯನ್ನು ಕೆಡವಿದರು. ಗೋಡೆ ಬಿರಿದಿತ್ತು, ತಪ್ಪಲ್ಲ ಅವರದು. ಆದರೆ ಜೂನ್ ಹತ್ತೊಂಬತ್ತರ ಊಟವನ್ನು ಈ ಸಲ ಪೇಟೆಯ ಹೋಟೆಲಿನಿಂದ ತರಿಸೋಣ ಅಂತಾರೆ ಚರ್ಚಿನ ಮೇಲ್ವಿಚಾರಕರು, ಡೀಕನ್ ಪ್ರೂಯಿಟ್. ಗುಲಾಮಗಿರಿ ಮುಗಿಯಿತು ಅನ್ನುವ ಸುದ್ದಿ ನಮ್ಮ ಮುತ್ತಜ್ಜಂದಿರ ಕಿವಿಗೆ ಬಿದ್ದ ದಿನ, ನಾವು ಪ್ಲಾಸ್ಟಿಕ್ ಡಬ್ಬಿ ಬಿಚ್ಚಿ ತಿನ್ನಬೇಕಂತೆ. ಮೂವತ್ತು ವರ್ಷ ನೀನು ಬೇಯಿಸಿದ ಊಟ ಅದು.

ಬಾ ಅಕ್ಕಾ. ಭಟ್ಟಿ ನಾನು ಕಟ್ಟುತ್ತೇನೆ, ಮಾಂಸ ನೀನು ಬೇಯಿಸು. ಹೋದ ವರ್ಷ ಏನಾಯಿತೋ ಅದನ್ನು ಯಾರೂ ನೆನಪಿಟ್ಟಿಲ್ಲ.

ನಿನ್ನ ತಮ್ಮ,
ರೋಡೆಲ್


ವಿಚಿಟಾ, ಕಾನ್ಸಸ್
ಫೆಬ್ರವರಿ 6

ರೋಡೆಲ್,

ಫೋನಿಗೆ ಮಾತಾಡಲು ನನಗೆ ಬರುವುದಿಲ್ಲ, ಗೋಡೆಗೆ ಮಾತಾಡಿದ ಹಾಗಾಗುತ್ತದೆ. ಅದಕ್ಕೇ ಈ ಕಾರ್ಡು. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಿ ನಗಬೇಡ.

ಎಲ್ಲರಿಗೂ ನೆನಪಿದೆ. ತಟ್ಟೆ ಹಿಡಿದು ಇಡೀ ಚರ್ಚು ಸಾಲುನಿಂತಿತ್ತು. ಮುಚ್ಚಳ ಎತ್ತಿದೆ, ಭುಜದಲ್ಲಿ ಏನೋ ಹರಿಯಿತು, ಕೈ ಬಿಟ್ಟೆ. ಅಷ್ಟು ದಪ್ಪ ಕಬ್ಬಿಣ ಮಾಂಸದ ಮೇಲೆ ಬಿತ್ತು, ಜಾಲರಿ ಕುಸಿಯಿತು, ಊಟ ಕೆಂಡಕ್ಕೆ ಹೋಯಿತು. ಮಕ್ಕಳು ಕಿರುಚಿದರು. ಆಮೇಲೆ ಯಾರೂ ಏನೂ ಅನ್ನಲಿಲ್ಲ. ಆ ಮೌನವೇ ಇನ್ನೂ ಕಿವಿಯಲ್ಲಿದೆ.

ನಾನು ಬರುವುದಿಲ್ಲ. ತಲೆ ಬಾಚಿಕೊಳ್ಳಲು ಮಗಳನ್ನು ಕರೆಯುವವಳು ಭಟ್ಟಿ ಮುಚ್ಚಳ ಎತ್ತುತ್ತೇನಾ? ಬೇರೆ ಯಾರನ್ನಾದರೂ ಹುಡುಕು.

ಟ್ಯಾಂಕಿನ ಉಕ್ಕು ಎಷ್ಟು ದಪ್ಪ? ತೆಳ್ಳಗಿದ್ದರೆ ಗಾಳಿ ಬೀಸಿದಾಗೆಲ್ಲ ಶಾಖ ಓಡಿಹೋಗುತ್ತದೆ. ಕೇಳಿದೆ ಅಷ್ಟೇ. ಮತ್ತೆ, ಟ್ಯಾಂಕ್ ಕೊಯ್ಯುವುದಕ್ಕೆ ಮೊದಲು ಬೇಯಿಸುವವರು ಯಾರೆಂದು ಗೊತ್ತುಮಾಡು. ಭಟ್ಟಿ ಕಟ್ಟುವಾಗ ಅಪ್ಪ ಹೇಗೆ ಮಾಡುತ್ತಿದ್ದರು ಮರೆತೆಯಾ? ಬೇಯಿಸುವವರನ್ನು ಪಕ್ಕದಲ್ಲಿ ನಿಲ್ಲಿಸಿ, ಜಾಲರಿಯನ್ನು ಅವರ ಮೊಣಕೈ ಮಟ್ಟಕ್ಕೆ ಕೂರಿಸುತ್ತಿದ್ದರು. ಬೆಂಕಿಗೂಡು ಯಾವ ಕೈಯಲ್ಲಿ ಸೌದೆ ಹಾಕುತ್ತಾರೋ ಆ ಕಡೆಗೆ. ಮೈಗೆ ಒಗ್ಗದ ಭಟ್ಟಿ ಇನ್ನೊಬ್ಬರ ಬೂಟಿನ ಹಾಗೆ.

ಲಿನೆಟ್‌ಗೆ ಗುಲಾಬಿಯ ವಿಷಯದಲ್ಲಿ ನನ್ನ ಪೂರ್ತಿ ಬೆಂಬಲವಿದೆ ಎಂದು ಹೇಳು.

ವರ್ನೆಲ್


ಮಾರ್ಚ್ 15

ಅಕ್ಕಾ,

ಬರಲ್ಲ ಅಂದೆ, ಸರಿ. ಬೇಯಿಸುವವರನ್ನು ಗೊತ್ತುಮಾಡಿದ್ದೇನೆ. ಯಾರು ಅಂತ ಕೇಳಬೇಡ.

ಇವತ್ತಿನದು ಬೇರೆ ಕಥೆ. ಕೇಳಿ ನಗು, ನಗಲಿ ಅಂತಲೇ ಹೇಳುತ್ತಿದ್ದೇನೆ. ಟ್ಯಾಂಕಿನಲ್ಲಿ ಬಾಗಿಲು ಕೊಯ್ಯುವುದು ಹೇಗೆ? ಮೊದಲು ಕೀಲಿನ ಕಡೆ ಒಂದು ಗೀಟು ಕೊಯ್ಯಬೇಕು, ಕೀಲು ಬೆಸೆಯಬೇಕು, ಆಮೇಲೆ ಉಳಿದ ಮೂರು ಕಡೆ. ಈ ಜಿಲ್ಲೆಯಲ್ಲಿ ನಾಲ್ಕು ಜನ ಹುಡುಗರಿಗೆ ನಾನೇ ಇದನ್ನು ಕಲಿಸಿದ್ದೇನೆ. ಶನಿವಾರ ಡೀಕನ್ ಪ್ರೂಯಿಟ್ ಬಂದರು, ನಿಂಬೆ ಷರಬತ್ತು ಹಿಡಿದು ಕುರ್ಚಿ ಹಾಕಿಕೊಂಡು ಕೂತರು. ನೋಡುವವರು ಸಿಕ್ಕಿದರೆ ನನ್ನ ಕೈ ಹೇಗಿರುತ್ತೆ ನಿನಗೆ ಗೊತ್ತಲ್ಲ. ಅವರ ಜೊತೆ ಮಾತಾಡುತ್ತಾ, ಕಿಡಿ ಹಾರಿಸುತ್ತಾ, ನಾಲ್ಕೂ ಕಡೆ ಒಂದೇ ಸಲ ಕೊಯ್ದುಬಿಟ್ಟೆ.

ಠಣ್ ಅಂತ ಒಂದು ಶಬ್ದ. ಇಷ್ಟು ವರ್ಷ ದುಂಡಗೆ ಬಿಗಿಹಿಡಿದುಕೊಂಡಿದ್ದ ಉಕ್ಕು ಬಿಡುಗಡೆ ಸಿಕ್ಕಿದ್ದೇ ತಡ ಅಗಲವಾಗಿ ಚಾಚಿಕೊಂಡಿತು. ಬಾಗಿಲು ಒಂದು ಆಕಾರ, ಬಾಯಿ ಇನ್ನೊಂದು ಆಕಾರ.

ಡೀಕನ್ನರು ಒಂದು ಗುಟುಕು ಕುಡಿದರು. "ರೋಡೆಲ್, ಅದು ಹಾಗೇ ಇರಬೇಕಾ?"

"ಇಲ್ಲ ಡೀಕನ್ನರೇ."

"ಹೋಟೆಲಿನವರ ನಂಬರು ನನ್ನ ಜೇಬಲ್ಲೇ ಇದೆ ನೋಡು."

"ಜೇಬಲ್ಲೇ ಇರಲಿ. ಬೆಚ್ಚಗಿರುತ್ತೆ."

ಅವರು ಹೋದ ಮೇಲೆ ಬಾಗಿಲಿಗೆ ಸರಪಳಿ ಸುತ್ತಿದೆ, ಲಾರಿ ಜಾಕ್ ಕೊಟ್ಟೆ, ಕಾಯಿಸಿದೆ, ಒತ್ತಿದೆ, ಬೈದೆ, ಮತ್ತೆ ಕಾಯಿಸಿದೆ. ಮೂರು ದಿನ. ಈಗ ಕೂತಿದೆ. ಅಂಚಿನಲ್ಲಿ ಒಂದು ಪಟ್ಟಿ ಬೆಸೆದಿದ್ದೇನೆ, ಹೊಗೆ ಹೊರಗೆ ಬರಬೇಕಾದರೆ ನನ್ನ ಅಪ್ಪಣೆ ಕೇಳಬೇಕು.

ಉಕ್ಕಿನ ದಪ್ಪ ಕೇಳಿದ್ದೆಯಲ್ಲ? ನಿನ್ನ ಕಿರುಬೆರಳಿನ ಅಗಲದ ಅರ್ಧ. ಜನವರಿಯ ಬಡಗಣ ಗಾಳಿಯೂ ಅಲ್ಲಾಡಿಸಲ್ಲ. ಬಣ್ಣ, ವಾಸನೆ ಎಲ್ಲ ಹೋಗಲಿ ಅಂತ ಒಳಗೆ ಕಸಕಡ್ಡಿ ತುಂಬಿ ಒಮ್ಮೆ ಸುಟ್ಟೆ. ಅದು ಶುಚಿ ಮಾಡುವ ಬೆಂಕಿ, ಅಡುಗೆಯ ಬೆಂಕಿಯ ಲೆಕ್ಕಕ್ಕೆ ಬರಲ್ಲ.

ಶಾಂಡ್ರಾಗೆ ಒಂದು ಫೋಟೋ ಕಳಿಸಿದ್ದೇನೆ. ನೋಡಬೇಕು ಅನ್ನಿಸಿದರೆ ನೋಡು.

ನಿನ್ನ ತಮ್ಮ,
ರೋಡೆಲ್


ಏಪ್ರಿಲ್ 2

ರೋಡೆಲ್,

ನಕ್ಕೆ. ಶಾಂಡ್ರಾ ಕೋಣೆಯಿಂದ ಓಡಿಬಂದು "ಅಮ್ಮಾ, ಏನಾಯ್ತು?" ಎಂದಳು. ಅಷ್ಟು ದಿನವಾಗಿತ್ತು ಆ ಸದ್ದು ಈ ಮನೆಯಲ್ಲಿ ಕೇಳಿ.

ಅಪ್ಪನೂ ಒಮ್ಮೆ ಹೀಗೆಯೇ ಮಾಡಿದ್ದರು, ನೀನು ಆಗ ತೊಟ್ಟಿಲಲ್ಲಿದ್ದೆ. ಅವರಿಗೂ ನೋಡುವವರಿದ್ದರೆ ಹೀಗೆಯೇ.

ಆದರೆ ಫೋಟೋ ನೋಡಿದ ಮೇಲೆ ನಗು ನಿಂತಿತು. ಜಾಲರಿ ಎಲ್ಲಿ ಕೂರಿಸಿದ್ದೀಯೋ? ನಿನ್ನ ಸೊಂಟಕ್ಕಿಂತ ಕೆಳಗಿದೆ. ಹತ್ತಿ ಬಿಡಿಸುವವನ ಹಾಗೆ ಬಗ್ಗಿ ನಿಂತಿದ್ದೀಯ. ಆರಡಿ ಆಳು, ಎರಡು ಗಂಟೆಯಲ್ಲಿ ಬೆನ್ನು ಹೋಗುತ್ತದೆ. ಸಾಲದ್ದಕ್ಕೆ ಬೆಂಕಿಗೂಡು ಎಡಗಡೆ! ನೀನು ಬಲಗೈ, ಲಿನೆಟ್ ಬಲಗೈ, ಡೀಕನ್ನರ ಅಳಿಯನೂ ಬಲಗೈ. ಬೇಯಿಸುವವನು ಆ ಅಳಿಯನೇ ತಾನೆ? ಮಾಂಸಕ್ಕೆ ಬೆಲ್ಲದ ಪಾಕ ಬಳಿಯುವವನು? ದೇವರೇ ಕಾಪಾಡಲಿ.

ಬೆಸುಗೆ ಬಿಡಿಸಿ ಸರಿಮಾಡು, ಇನ್ನೂ ಸಮಯವಿದೆ. ನೀನು ಕಲಿತದ್ದೆಲ್ಲ ಮರೆತೆಯಾ?

ಬಾಗಿಲ ಹಿಂದೆ ಒಂದು ತೋಳು ಚಾಚಿಕೊಂಡಿದೆಯಲ್ಲ, ಅದೇಕೆ? ಫೋಟೋದಲ್ಲಿ ಅರ್ಧ ಕತ್ತರಿಸಿಹೋಗಿದೆ.

ವರ್ನೆಲ್


ಏಪ್ರಿಲ್ 21

ವರ್ನೆಲಕ್ಕಾ,

ಏನೂ ಮರೆತಿಲ್ಲ.

ಜಾಲರಿ ಇರಬೇಕಾದ ಕಡೆಯೇ ಇದೆ. ಚರ್ಚಿನ ಅಡುಗೆಮನೆಯಲ್ಲಿ ಅಪ್ಪ ನಿನ್ನ ಮೊಣಕೈ ಮಟ್ಟಕ್ಕೆ ಮಾಡಿಕೊಟ್ಟ ಮಾಂಸ ಕೊಯ್ಯುವ ಮೇಜು ಇದೆಯಲ್ಲ, ಅದಕ್ಕೆ ಟೇಪು ಹಿಡಿದು ಅಳತೆ ತೆಗೆದುಕೊಂಡೆ. ಅಷ್ಟೇ ಎತ್ತರ, ಒಂದು ಕೂದಲೆಳೆ ಹೆಚ್ಚಿಲ್ಲ, ಕಮ್ಮಿ ಇಲ್ಲ. ಬೆಂಕಿಗೂಡು ಎಡಕ್ಕೆ, ಯಾಕೆಂದರೆ ಬೇಯಿಸುವವಳಿಗೆ ಈಗ ಎಡಗೈಯೇ ಕೈ. ಕಾರ್ಡು ಬರೆಯುವ ಕೈ ಸೌದೆಯನ್ನೂ ಹಾಕುತ್ತೆ.

ಸಾಕಾ, ಇನ್ನೂ ಬಿಡಿಸಿ ಹೇಳಬೇಕಾ? ಬೇರೆ ಯಾರೂ ಇಲ್ಲ. ಮೊದಲಿಂದಲೂ ಇರಲಿಲ್ಲ.

ಇನ್ನು ಆ ಬಾಗಿಲು. ನಾನು ಒಬ್ಬನೇ ಎತ್ತಿ ಕೂರಿಸಲಾಗದೆ ಎಂಜಿನ್ ಎತ್ತುವ ಸರಪಳಿಗೆ ತಗುಲಿಸಿದ ಬಾಗಿಲು ಅದು. ಹಿಂದಿನ ತೋಳಿಗೆ ತೂಕ ಕಟ್ಟಿದ್ದೇನೆ. ಅದಕ್ಕೆ ಸ್ವಲ್ಪ ಸೇರಿಸು, ತೆಗಿ, ಸೇರಿಸು, ತೆಗಿ, ವಾರ ಪೂರ್ತಿ ಅದೇ ಕೆಲಸ. ಈಗ ಬಾಗಿಲು ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುತ್ತೆ. ಆರಾಧನೆ ಮುಗಿದ ಮೇಲೆ ಭಾನುವಾರ ಎಲ್ಲರೂ ನಮ್ಮ ಹಿತ್ತಲಿಗೆ ಬಂದರು. ಗಾಯಕ ಮೇಳದ ದಪ್ಪ ಹೆಂಗಸರೆಲ್ಲ ಒಂದೊಂದು ಬೆರಳಲ್ಲಿ ಎತ್ತಿ ನೋಡಿದರು. ಡೀಕನ್ನರು ಎರಡು ಸಲ ಎತ್ತಿದರು, ಯಾರೂ ನೋಡುತ್ತಿಲ್ಲ ಅಂದುಕೊಂಡು ಮೂರನೇ ಸಲವೂ ಎತ್ತಿದರು.

ಆಮೇಲೆ ಗಂಟಲು ಸರಿಮಾಡಿಕೊಂಡು ಶುರುಮಾಡಿದರು. "ಚೆನ್ನಾಗಿದೆ ರೋಡೆಲ್. ಹಚ್ಚು ನೋಡೋಣ. ಎರಡು ಸಾಸೇಜು ಹಾಕಿದ್ರೆ ಗೊತ್ತಾಗುತ್ತೆ."

"ಆಗಲ್ಲ ಡೀಕನ್ನರೇ."

"ಯಾಕಪ್ಪಾ?"

"ಬೇಯಿಸೋರು ಬಂದಿಲ್ಲ. ಮೊದಲ ಬೆಂಕಿ ಅವರದು. ನಿಮ್ಮಪ್ಪನ ಭಟ್ಟಿಗೆ ಬೇರೆಯವರು ಬೆಂಕಿ ಹಚ್ಚಿದ್ರಾ?"

ಅವರಿಗೂ ಗೊತ್ತು ಆ ಪದ್ಧತಿ. ಇಲ್ಲಿ ಯಾರಿಗೆ ಗೊತ್ತಿಲ್ಲ? ಹೊಸ ಉಕ್ಕು ಮೊದಲು ಯಾರ ಕೈಯ ಬೆಂಕಿ ಕುಡಿಯುತ್ತೋ ಭಟ್ಟಿ ಅವರದಾಗುತ್ತೆ. ಡೀಕನ್ನರು ಟೋಪಿ ತೆಗೆದು ಬೆವರು ಒರೆಸಿಕೊಂಡರು.

"ನಿಮ್ಮಕ್ಕ ಬರಲ್ಲ ಅಂತ ಬರೆದಿದಾಳಂತೆ."

"ಬರೆದಿದಾಳೆ."

"ಹಚ್ಚದೇ ಇರೋ ಭಟ್ಟೀನ ನಂಬ್ಕೊಂಡು ಇನ್ನೂರು ಜನಕ್ಕೆ ಊಟ ಹೇಳ್ಲಾ ನಾನು? ಜೂನ್ ಒಂದನೇ ತಾರೀಕು. ಅಷ್ಟರೊಳಗೆ ಆಕೆ ಹೂಂ ಅಂದ್ರೆ ಸರಿ. ಇಲ್ಲಾಂದ್ರೆ ಹೋಟೆಲಿಗೆ ಹೇಳ್ಬಿಡ್ತೀನಿ. ಬೇಜಾರು ಮಾಡ್ಕೋಬೇಡ."

"ಮಾಡ್ಕೊಳಲ್ಲ. ಹೇಳೋ ಪ್ರಸಂಗ ಬರಲ್ಲ."

ಹೀಗೆ ಹೇಳಿಬಿಟ್ಟಿದ್ದೇನೆ ಅಕ್ಕಾ. ಅಮ್ಮ ಹೋದಾಗ ನನಗೆ ಏಳು ವರ್ಷ. ನನ್ನ ಬೂಟಿನ ದಾರ ಕಟ್ಟಿ ಸ್ಕೂಲಿಗೆ ಕಳಿಸಿ ಆಮೇಲೆ ನಿನ್ನ ಸ್ಕೂಲಿಗೆ ಓಡುತ್ತಿದ್ದವಳು ನೀನು. ನಿನ್ನನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲೆ. ಮಗಳ ಮನೆಯ ಸೋಫಾದ ಮೇಲೆ ಕೂತು ಇನ್ನೊಬ್ಬರು ಮಾಡಿದ ಅಡುಗೆಗೆ ಉಪ್ಪು ಕಮ್ಮಿ ಅನ್ನುತ್ತಾ ಮುದುಕಿಯಾಗುವ ಹೆಂಗಸಲ್ಲ ನೀನು.

ಫೋಟೋ ಈ ಸಲ ಪೂರ್ತಿ ತೆಗೆದಿದ್ದೇನೆ. ತೋಳು, ತೂಕ ಎಲ್ಲ ಕಾಣುತ್ತೆ.

ನಿನ್ನ ತಮ್ಮ,
ರೋಡೆಲ್


ಮೇ 17

ಅಕ್ಕಾ,

ನಿನ್ನ ಕಾರ್ಡು ಬಂದಿಲ್ಲ. ಕೇಳುತ್ತಿಲ್ಲ, ಹೇಳುತ್ತಿದ್ದೇನೆ.

ಬಿಸಿಲು ಶುರುವಾಯಿತು. ಭಟ್ಟಿಯ ಹೊಗೆಕೊಳವೆಯಲ್ಲಿ ಒಂದು ಪುಟ್ಟ ಕಂದು ಹಕ್ಕಿ ಗೂಡು ಕಟ್ಟಿದೆ. ಕೊಳವೆಯ ಬಾಯಿಗೆ ಡಬ್ಬಿ ಮುಚ್ಚುವುದು ಮರೆತಿದ್ದೆ, ಆ ತಪ್ಪು ನನ್ನದೇ. ಮೊಟ್ಟೆ ಒಡೆದು ಮರಿಗಳಾಗಿವೆ. ಡೀಕನ್ನರು ನೋಡಿ, "ಹಚ್ಚದ ಭಟ್ಟಿಗೆ ಬಾಡಿಗೆದಾರರೂ ಬಂದ್ರಾ?" ಅಂದರು. ಲಿನೆಟ್ ಊರೆಲ್ಲ ಹೇಳಿಕೊಂಡು ಬಂದಿದ್ದಾಳೆ. ಚರ್ಚಿನಲ್ಲಿ ನನ್ನನ್ನು ಕಂಡರೆ ಹುಡುಗರು ಚಿಲಿಪಿಲಿ ಅಂತಾರೆ.

ಅನ್ನಲಿ. ಮರಿಗಳಿಗೆ ಇನ್ನೂ ಪುಕ್ಕ ಬಂದಿಲ್ಲ. ಜೂನ್ ಮೊದಲ ವಾರಕ್ಕೆ ಹಾರುತ್ತವೆ.

ಎರಡು ವರ್ಷ ಒಣಗಿದ ಓಕ್ ಸೌದೆ ಸೀಳಿ ಎಡಗಡೆಗೇ ಒಟ್ಟಿದ್ದೇನೆ.

ರೋಡೆಲ್


ಮೇ 27

ರೋಡೆಲ್,

ಕಾರ್ಡು ತಡವಾಯಿತು. ಕೈಗೆ ಬಿಡುವಿರಲಿಲ್ಲ.

ನೀನು ಕಳಿಸಿದ ಎರಡನೆಯ ಫೋಟೋವನ್ನು ಶಾಂಡ್ರಾ ಬೆರಳಲ್ಲಿ ಹಿಗ್ಗಿಸಿ ತೋರಿಸಿದಳು. ಆ ತೂಕವನ್ನು ನೋಡಿದೆ. ಕಬ್ಬಿಣದ ಹಲಗೆಗಳನ್ನು ಒಂದರ ಮೇಲೊಂದು ಬೆಸೆದಿದ್ದೀಯ. ಮೇಲಿನ ಹಲಗೆಯಲ್ಲಿ ಒಂದು ಹಿಡಿಕೆ ಉಳಿದಿದೆ, ಅದಕ್ಕೆ ತಂತಿ ಸುತ್ತಿದೆ. ಆ ತಂತಿ ಸುತ್ತಿದ್ದು ಅಪ್ಪ, ನನ್ನ ಕೈ ಸುಡದಿರಲೆಂದು. ನನ್ನ ಅಂಗೈಯ ಗೆರೆಗಳಿಗಿಂತ ಚೆನ್ನಾಗಿ ಅದನ್ನು ಬಲ್ಲೆ. ಅದು ಚರ್ಚಿನ ಹಳೆಯ ಭಟ್ಟಿಯ ಮುಚ್ಚಳ. ನನ್ನ ಭುಜವನ್ನು ತಿಂದದ್ದು. ಗುಜರಿಗೆ ಹೋಯಿತೆಂದುಕೊಂಡಿದ್ದೆ. ನೀನು ಅದನ್ನು ಕೊಯ್ದು ತೂಕ ಮಾಡಿದ್ದೀಯ.

ಫೋನಿನಲ್ಲಿ ಅಷ್ಟೆಲ್ಲ ಮಾತಾಡುವವನು, ಇದೊಂದನ್ನು ಮಾತ್ರ ಹೇಳಲಿಲ್ಲ.

ಮೂವತ್ತು ವರ್ಷ ನಾನು ಅದನ್ನು ಎತ್ತಿದೆ. ಇನ್ನು ಅದು ನನಗಾಗಿ ಎತ್ತಲಿ.

ಈ ತಿಂಗಳು ಪೂರ್ತಿ ಎಡಗೈಯಲ್ಲಿ ಚೂರಿ ಹಿಡಿಯುವುದನ್ನು ಕಲಿತೆ. ಮೊದಲು ಬ್ರೆಡ್ಡು, ಆಮೇಲೆ ಕೋಳಿ, ಈಗ ಎದೆಮಾಂಸ. ಶಾಂಡ್ರಾ ಪಾಪ, ಸೊಟ್ಟಸೊಟ್ಟ ತುಂಡುಗಳನ್ನೆಲ್ಲ ಬಾಯಿ ಮುಚ್ಚಿಕೊಂಡು ತಿಂದಳು. ಮೊನ್ನೆ ಕೊಯ್ದದ್ದು ನೆಟ್ಟಗೆ ಬಂತು.

ಹದಿನಾರನೇ ತಾರೀಕಿನ ಬಸ್ಸಿಗೆ ಬರುತ್ತೇನೆ. ಒಂದನೇ ತಾರೀಕಿಗೆ ಮೊದಲೇ ಈ ಕಾರ್ಡನ್ನು ಡೀಕನ್ ಪ್ರೂಯಿಟ್ ಮೂಗಿನ ಮುಂದೆ ಹಿಡಿ. ಹೋಟೆಲಿನ ನಂಬರನ್ನು ಹರಿದುಹಾಕಲಿ. ಅವರ ಅಳಿಯ ಹಬ್ಬದ ಕೆಂಪು ಸೋಡಾ ತರಲಿ, ಅಷ್ಟೇ. ಪಾಕದ ಬಾಟಲಿ ಮನೆಯಲ್ಲೇ ಇರಲಿ.

ಹಕ್ಕಿಮರಿಗಳು ತಾವಾಗಿ ಹಾರುವವರೆಗೂ ಕೊಳವೆ ಮುಟ್ಟಬೇಡ. ಮತ್ತೆ ಬೆಂಕಿಪೊಟ್ಟಣ ನಿನ್ನ ಜೇಬಿನಲ್ಲಿ ಇಟ್ಟುಕೊಳ್ಳಬೇಡ. ನಿನ್ನ ಕೈ ನನಗೆ ಗೊತ್ತು.

ಅಕ್ಕ


ಜೂನ್ 20

ಶಾಂಡ್ರಾ ಪುಟ್ಟಾ,

ಈ ಸಲದ್ದು ನಿನಗೆ. ನಿಮ್ಮಮ್ಮ ಒಳಗೆ ಮಲಗಿದ್ದಾಳೆ, ಮಧ್ಯಾಹ್ನವಾದರೂ ಎದ್ದಿಲ್ಲ, ಎಬ್ಬಿಸುವ ಧೈರ್ಯ ಯಾರಿಗೂ ಇಲ್ಲ. ರಜೆ ಸಿಗದೆ ನಿನಗೆ ಬರಲಾಗಲಿಲ್ಲ. ಅದಕ್ಕೇ ಕಂಡದ್ದನ್ನೆಲ್ಲ ಹೇಳುತ್ತೇನೆ.

ಬಸ್ಸಿಳಿದವಳು ಮನೆಯೊಳಗೆ ಕಾಲಿಡಲಿಲ್ಲ. ನೆಟ್ಟಗೆ ಹಿತ್ತಲಿಗೆ ಹೋಗಿ ಭಟ್ಟಿಯ ಸುತ್ತ ಎರಡು ಸುತ್ತು ಬಂದಳು. ಹಕ್ಕಿಮರಿಗಳು ಹಾರಿಹೋಗಿ ಖಾಲಿಯಾಗಿದ್ದ ಕೊಳವೆ ನೋಡಿ "ಕೊಳವೆ ಉದ್ದ ಆಯ್ತು" ಅಂದಳು. "ಈ ಬೆಸುಗೆ ಕೋಳಿ ಕೆದಕಿದ ಹಾಗಿದೆ" ಅಂದಳು. ಹಿಂದುಗಡೆ ಹೋಗಿ ಆ ತಂತಿ ಸುತ್ತಿದ ಹಿಡಿಯ ಮೇಲೆ ಕೈಯಿಟ್ಟು ತಂತಿಯ ಸುತ್ತುಗಳನ್ನು ಬೆರಳಲ್ಲಿ ಎಣಿಸಿದಳು. ನಾನು ಸುಮ್ಮನಿದ್ದದ್ದನ್ನು ಲಿನೆಟ್ ಕಣ್ಣಾರೆ ನೋಡಿದ್ದಾಳೆ, ಬೇಕಾದರೆ ಕೇಳು.

ಜಾಲರಿಯ ಮುಂದೆ ನಿಂತು ಮೊಣಕೈ ಮಡಿಸಿದಳು. ಸರಿಯಾಗಿ ಕೂತಿತು. ಎಡಗೈ ಚಾಚಿದಳು. "ಬೆಂಕಿಪೊಟ್ಟಣ ಕೊಡು ಲಿನೆಟ್."

ನಾನು ಒಂದು ಹೆಜ್ಜೆ ಮುಂದಿಟ್ಟೆ.

"ದೂರ ನಿಲ್ಲೋ ರೋಡೆಲ್. ನನ್ನ ಭಟ್ಟಿ ಇದು."

ನಿಂತೆ.

ಎರಡು ದಿನ ಆ ಉಕ್ಕನ್ನು ಪಳಗಿಸಿದಳು. ಕೊಬ್ಬು ಬಳಿದಳು, ಸಣ್ಣ ಬೆಂಕಿ ಇಟ್ಟಳು, ಎಲ್ಲಿ ಹೆಚ್ಚು ಕಾಯುತ್ತೆ, ಎಲ್ಲಿ ಕಮ್ಮಿ ಅಂತ ಬ್ರೆಡ್ಡಿನ ತುಂಡುಗಳನ್ನು ಉದ್ದಕ್ಕೂ ಜೋಡಿಸಿ ನೋಡಿದಳು. ಹದಿನೆಂಟರ ಮಧ್ಯಾಹ್ನವೇ ಮಾಂಸ ಏರಿಸಿದಳು. ಕೊಳವೆಯಿಂದ ಬಂದ ಹೊಗೆ ಹೇಗಿತ್ತು ಗೊತ್ತಾ? ಒಗೆದು ಸವೆದ ನೀಲಿ ಬಟ್ಟೆಯ ಹಾಗೆ ತೆಳ್ಳಗೆ. ಡೀಕನ್ನರು ಎರಡು ಬೀದಿಯಾಚೆಯಿಂದಲೇ ಮೂಗು ಎತ್ತಿಕೊಂಡು ಬಂದರು.

ಹತ್ತೊಂಬತ್ತರ ಮಧ್ಯಾಹ್ನ. ಪ್ರಾರ್ಥನೆ ಮುಗಿಯಿತು, ಹಾಡು ಮುಗಿಯಿತು. ಮಾಂಸ ಏರಿಸುವ ಮೊದಲೇ ಭಟ್ಟಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದುಕೊಂಡು ಹೋಗಿ ಚರ್ಚಿನ ಹಿತ್ತಲಲ್ಲಿ, ಹಳೆಯ ಇಟ್ಟಿಗೆ ಭಟ್ಟಿ ಇದ್ದ ಜಾಗದಲ್ಲೇ ನಿಲ್ಲಿಸಿದ್ದೆವು. ತಟ್ಟೆ ಹಿಡಿದು ಎಲ್ಲರೂ ಸಾಲುನಿಂತರು. ಅದೇ ಜನ, ಅದೇ ಸಾಲು. ನಿಮ್ಮಮ್ಮ ಏಪ್ರನ್ ಕಟ್ಟಿಕೊಂಡು ಬಂದು ಬಾಗಿಲಿನ ಹಿಡಿ ಹಿಡಿದಳು. ಆಗ ಮಾತು ನಿಂತುಹೋಯಿತು, ಪುಟ್ಟಾ. ಮಕ್ಕಳೂ ಸುಮ್ಮನಾದರು. ಯಾರಿಗೂ ನೆನಪಿಲ್ಲ ಅಂತ ನಾನು ಜನವರಿಯಲ್ಲಿ ಹೇಳಿದ್ದು ಶುದ್ಧ ಸುಳ್ಳು.

ಎಡಗೈಯಲ್ಲಿ ಎತ್ತಿದಳು. ಬಾಗಿಲು ಮೇಲೆ ಬಂತು, ಅರ್ಧಕ್ಕೆ ಬಂತು. ಅಲ್ಲಿ ನಿಲ್ಲಿಸಿದಳು. ಪೂರ್ತಿ ತೆರೆಯಲಿಲ್ಲ. ಸಾಲಿನಲ್ಲಿದ್ದ ಒಬ್ಬೊಬ್ಬರ ಮುಖವನ್ನೂ ನೋಡಿದಳು, ಈ ತುದಿಯಿಂದ ಆ ತುದಿಯವರೆಗೆ.

ಆಮೇಲೆ ಬೇಕೆಂದೇ ಕೈ ಬಿಟ್ಟಳು.

ಡೀಕನ್ನರು "ಅಯ್ಯೋ" ಅಂದದ್ದು ನನಗೆ ಕೇಳಿಸಿತು.

ಬಾಗಿಲು ಬೀಳಲಿಲ್ಲ. ಗಾಳಿಯಲ್ಲಿ ಹಾಗೇ ನಿಂತಿತು, ಅಲ್ಲಾಡಲಿಲ್ಲ. ಹಿಂದುಗಡೆ ಹಳೇ ಮುಚ್ಚಳ ತನ್ನ ಕೆಲಸ ಮಾಡುತ್ತಿತ್ತು. ನಿಮ್ಮಮ್ಮ ಎರಡೂ ಕೈ ಸೊಂಟದ ಮೇಲಿಟ್ಟುಕೊಂಡಳು.

"ಏನ್ ನೋಡ್ತಾ ನಿಂತಿದೀರಿ? ತಟ್ಟೆ ಮುಂದೆ ತನ್ನಿ, ಮಾಂಸ ಆರುತ್ತೆ."

ನಿನ್ನ ಮಾವ,
ರೋಡೆಲ್